ಹಳೆಯ ಮೆಟಡಾರ್: ಮುಂಗಡ ಕೊಡುವ ಮುನ್ನ ಏನೇನು ನೋಡಬೇಕು?

ಮದುವೆ ದಿಬ್ಬಣ, ಸಂತೆಯ ತರಕಾರಿ, ಬಂದರಿನ ಮೀನು, ಶಾಲೆಯ ಮಕ್ಕಳು. ಒಂದು ಕಾಲದಲ್ಲಿ ಕರ್ನಾಟಕದ ರಸ್ತೆಗಳಲ್ಲಿ ಇವೆಲ್ಲ ಸಾಗಿದ್ದು ಮೆಟಡಾರ್‌ನಲ್ಲಿ. ಜರ್ಮನಿಯ ಟೆಂಪೊ ವ್ಯಾನಿನ ವಿನ್ಯಾಸವನ್ನು ಪುಣೆಯ ಬಜಾಜ್ ಟೆಂಪೊ ಕಂಪನಿ 1960ರ ದಶಕದ ಕೊನೆಯಲ್ಲಿ ನಮ್ಮ ದೇಶಕ್ಕೆ ತಂದಿತು. ಆ ಕಂಪನಿಯೇ 2005ರಲ್ಲಿ ಫೋರ್ಸ್ ಮೋಟರ್ಸ್ ಆಯಿತು. ಈಗ ಉಳಿದಿರುವ ಮೆಟಡಾರ್‌ಗಳಲ್ಲಿ ಹೆಚ್ಚಿನವು ಗಿರಣಿಯ ಹಿತ್ತಿಲಲ್ಲೋ ಗ್ಯಾರೇಜಿನ ಮೂಲೆಯಲ್ಲೋ ಬಿಸಿಲು ಮಳೆಗೆ ಒಡ್ಡಿಕೊಂಡು ನಿಂತಿವೆ. ಅಂಥದೊಂದನ್ನು ತಂದು ಮತ್ತೆ ರಸ್ತೆಗಿಳಿಸುವುದು ನಿಜಕ್ಕೂ ದೊಡ್ಡ ಕೆಲಸ, ಮಾಡಲೇಬೇಕಾದ ಕೆಲಸ.

ಕೊಳ್ಳಲು ಹೋದವರು ಸಾಮಾನ್ಯವಾಗಿ ಮೊದಲು ಕೇಳುವುದು, ‘ಎಂಜಿನ್ ಸ್ಟಾರ್ಟ್ ಆಗುತ್ತದೆಯೇ?’ ಎಂದು. ಇದು ಕೊನೆಗೆ ಕೇಳಬೇಕಾದ ಪ್ರಶ್ನೆ. ಕೆಟ್ಟ ಡೀಸೆಲ್ ಎಂಜಿನ್ನನ್ನು ಬಿಚ್ಚಿ ಕೂಡಿಸಬಲ್ಲ ಮೆಕ್ಯಾನಿಕ್ ತಾಲ್ಲೂಕು ಕೇಂದ್ರದಲ್ಲೇ ಸಿಗುತ್ತಾರೆ. ತುಕ್ಕು ತಿಂದ ಅಡಿ ಚೌಕಟ್ಟನ್ನು ಅಳತೆ ತಪ್ಪದೆ ಕಟ್ಟಬಲ್ಲ ಟಿಂಕರ್ ಸಿಗುವುದು ಕಷ್ಟ. ದಾಖಲೆಯೇ ಇಲ್ಲದ ಗಾಡಿಯನ್ನಂತೂ ಯಾರೂ ರಿಪೇರಿ ಮಾಡಲಾರರು. ಆದ್ದರಿಂದ ಮೊದಲು ದಾಖಲೆ, ಆಮೇಲೆ ತಗಡು, ಕೊನೆಗೆ ಎಂಜಿನ್.

ದಾಖಲೆ

ಗಾಡಿ ಇರುವ ಊರಿಗೆ ಹೊರಡುವ ಮೊದಲೇ ಆರ್‌ಸಿಯ, ಅಂದರೆ ನೋಂದಣಿ ಪತ್ರದ, ಫೋಟೊ ತರಿಸಿಕೊಳ್ಳಿ. ನೋಂದಣಿ ಸಂಖ್ಯೆಯನ್ನು ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ಹುಡುಕಿ. ತೀರಾ ಹಳೆಯ ಗಾಡಿಯ ವಿವರ ಅಲ್ಲಿ ಸಿಗದಿರಬಹುದು. ಆಗ ಗಾಡಿ ನೋಂದಣಿಯಾದ ಆರ್‌ಟಿಒ ಕಚೇರಿಯಲ್ಲೇ ವಿಚಾರಿಸಬೇಕು.

ಆರ್‌ಸಿಯಲ್ಲಿ ಹೆಸರಿರುವವರು ಬದುಕಿದ್ದಾರೆಯೇ ಎಂದು ಕೇಳಲು ಸಂಕೋಚವಾದರೂ ಕೇಳಿ. ತೀರಿಕೊಂಡಿದ್ದರೆ ವಾರಸುದಾರರು ಮೊದಲು ಫಾರಂ 31ರ ಮೂಲಕ ಗಾಡಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಆಮೇಲೆ ಫಾರಂ 29 ಮತ್ತು 30ರ ಮೂಲಕ ಅದು ನಿಮ್ಮ ಹೆಸರಿಗೆ ಬರುತ್ತದೆ. ಹಳೆಯ ಸಾಲದ ನಮೂದು ಆರ್‌ಸಿಯಲ್ಲಿ ಉಳಿದಿದ್ದರೆ ಅದನ್ನು ತೆಗೆಸುವ ಹೊಣೆ ಮಾರುವವರದೇ ಆಗಿರಲಿ. ಸಾಲ ಕೊಟ್ಟ ಫೈನಾನ್ಸ್ ಕಂಪನಿ ಈ ಹೊತ್ತಿಗೆ ಬಾಗಿಲು ಮುಚ್ಚಿದ್ದರೆ ಆ ಓಡಾಟ ನಿಮ್ಮ ತಲೆಗೆ ಬರಬಾರದು. ಬಾಡಿಗೆಗೆ ಓಡುತ್ತಿದ್ದ ಗಾಡಿಯಾದರೆ ತೆರಿಗೆ ಬಾಕಿಯನ್ನೂ ವಿಚಾರಿಸಿ. ಗಾಡಿ ಓಡಿಸುತ್ತಿಲ್ಲವೆಂದು ಆರ್‌ಟಿಒಗೆ ತಿಳಿಸದೆ ಸುಮ್ಮನೆ ಶೆಡ್ಡಿನಲ್ಲಿ ನಿಲ್ಲಿಸಿದ್ದರೆ, ನಿಂತಷ್ಟೂ ಕಾಲ ಬಾಕಿ ಬೆಳೆದಿರುತ್ತದೆ.

‘ವಿಂಟೇಜ್ ನೋಂದಣಿ ಮಾಡಿಸಿದರಾಯಿತು ಬಿಡಿ’ ಎನ್ನುವ ಮಾರಾಟಗಾರರಿದ್ದಾರೆ. ಅಷ್ಟು ಸುಲಭವಲ್ಲ. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಗಾಡಿ ಖಾಸಗಿ ಬಳಕೆಯದಾಗಿರಬೇಕು, ಚಾಲಕನನ್ನು ಬಿಟ್ಟು ಎಂಟಕ್ಕಿಂತ ಹೆಚ್ಚು ಆಸನ ಇರಬಾರದು. ಎಲ್ಲಕ್ಕಿಂತ ಮುಖ್ಯವಾಗಿ ಚಾಸಿ (ಅಡಿ ಚೌಕಟ್ಟು), ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು. ಸರಕು ಸಾಗಿಸುತ್ತಿದ್ದ ಮೆಟಡಾರ್ ಈ ನಿಯಮಕ್ಕೆ ಒಗ್ಗುವುದಿಲ್ಲ. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ ಶುಲ್ಕವಿದೆ. ನೋಂದಣಿ ಸಿಕ್ಕ ಮೇಲೂ ರ್‍ಯಾಲಿ, ಪ್ರದರ್ಶನ, ಇಂಧನ, ದುರಸ್ತಿಯಂಥ ಕೆಲಸಗಳಿಗೆ ಮಾತ್ರ ರಸ್ತೆಗಿಳಿಸಬಹುದು. ದಿನವೂ ಓಡಿಸುವ ಆಸೆಯಿದ್ದರೆ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳಬೇಕು, ಫಿಟ್‌ನೆಸ್ ಪರೀಕ್ಷೆ ಪಾಸಾಗಬೇಕು.

ಗಾಡಿಯ ಬಳಿ ಹೋದ ಕೂಡಲೇ ಚಾಸಿ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಅದು ಆರ್‌ಸಿಯೊಂದಿಗೆ ಹೊಂದದಿದ್ದರೆ, ಆ ಜಾಗದಲ್ಲಿ ಹೊಸ ವೆಲ್ಡಿಂಗ್ ಗುರುತು ಕಂಡರೆ, ಗಾಡಿ ಎಷ್ಟೇ ಚೆನ್ನಾಗಿರಲಿ, ವಾಪಸ್ ಬನ್ನಿ.

ತಗಡು

ಬೆಳಗಿನ ಹೊತ್ತು ಹೋಗಿ. ಗಾಡಿಯನ್ನು ತೊಳೆದಿಡಬೇಡಿ ಎಂದು ಮೊದಲೇ ಹೇಳಿರಿ. ಒದ್ದೆ ಬಣ್ಣ ಎಲ್ಲ ಕುಂದನ್ನೂ ಮುಚ್ಚುತ್ತದೆ. ಕೈಯಲ್ಲಿ ಟಾರ್ಚು, ತೆಳು ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ, ಒಂದು ಸ್ಕ್ರೂ ಡ್ರೈವರ್, ಮಲಗಲು ಗೋಣಿಚೀಲ ಇರಲಿ.

ಅಯಸ್ಕಾಂತವನ್ನು ಬಾಗಿಲುಗಳ ಕೆಳಭಾಗ, ಚಕ್ರದ ಕಮಾನು, ಮೆಟ್ಟಿಲು, ಮಳೆನೀರು ಹರಿಯುವ ಗಟಾರದಂಚು, ಹೀಗೆ ಎಲ್ಲ ಕಡೆ ಮೆಲ್ಲನೆ ಎಳೆಯುತ್ತ ಹೋಗಿ. ಅದು ಜಾರಿ ಬೀಳುವಲ್ಲಿ ಬಣ್ಣದ ಅಡಿಯಲ್ಲಿ ತಗಡಿಲ್ಲ, ತಗ್ಗು ತುಂಬುವ ಪುಟ್ಟಿ ಇದೆ. ಅಲ್ಲಲ್ಲಿ ತೆಳುವಾಗಿ ಪುಟ್ಟಿ ಇದ್ದರೆ ಗಾಬರಿ ಬೇಡ, ಇಷ್ಟು ವರ್ಷ ದುಡಿದ ಗಾಡಿಗೆ ಪೆಟ್ಟು ಬಿದ್ದೇ ಇರುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದಾಗ ಠಣ್ ಎನ್ನದೆ ದಪ್ ಎನ್ನುವ ಜಾಗ ಅಂಗೈಗಿಂತ ಅಗಲವಾಗಿದ್ದರೆ ಅದನ್ನು ಗುರುತು ಹಾಕಿಕೊಳ್ಳಿ.

ಬಾಗಿಲಿನ ತಳದಲ್ಲಿ ನೀರು ಇಳಿಯಲು ತೂತುಗಳಿರುತ್ತವೆ. ಅವು ಮಣ್ಣಿನಿಂದ ಕಟ್ಟಿಕೊಂಡರೆ ನೀರು ಒಳಗೇ ನಿಂತು ತಗಡನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಉಬ್ಬಿದಂತೆ ಕಾಣುವಷ್ಟರಲ್ಲಿ ಒಳಗೆ ಏನೂ ಉಳಿದಿರುವುದಿಲ್ಲ. ಮುಂದಿನ ಗಾಜಿನ ರಬ್ಬರಿನ ಕೆಳಮೂಲೆಗಳನ್ನೂ ಒತ್ತಿ ನೋಡಿ. ಅಲ್ಲಿ ಸೋರಿದ ನೀರು ನೇರ ಚಾಲಕನ ಕಾಲಡಿಗೆ ಇಳಿಯುತ್ತದೆ. ಮ್ಯಾಟ್ ಎತ್ತಿಸದೆ ಮಾತು ಮುಗಿಸಬೇಡಿ. ಹಿಂದೆ ಹಲಗೆ ಹಾಸಿದ್ದರೆ ಒಂದನ್ನಾದರೂ ಕೀಳಿಸಿ ಅಡಿಯ ತಗಡನ್ನು ನೋಡಿ. ಕರಾವಳಿಯಲ್ಲಿ ಮೀನು ಹೊತ್ತ ಗಾಡಿಯಾದರೆ ಐಸ್ ಕರಗಿದ ಉಪ್ಪುನೀರು ವರ್ಷಗಟ್ಟಲೆ ಅಲ್ಲಿ ಇಳಿದಿರುತ್ತದೆ. ಬಯಲುಸೀಮೆಯ ಒಣ ಹವೆಯಲ್ಲಿ ನಿಂತ ಗಾಡಿ ಬಣ್ಣ ಕಳೆದುಕೊಂಡು ಬಡವಾಗಿ ಕಂಡರೂ ಬಹಳ ಸಲ ಅದರ ತಗಡು ಗಟ್ಟಿಯಾಗಿರುತ್ತದೆ. ಆಯ್ಕೆ ಇದ್ದರೆ ನಾನು ಹೊಳೆಯುವ ಕರಾವಳಿ ಗಾಡಿ ಬಿಟ್ಟು ಮಾಸಿದ ಬಯಲುಸೀಮೆ ಗಾಡಿಯನ್ನೇ ಆರಿಸುತ್ತೇನೆ.

ಇನ್ನು ಅಡಿಗೆ ನುಗ್ಗಬೇಕು. ಚಕ್ರಗಳಿಗೆ ಕಲ್ಲು ಕೊಡಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಯಾವ ಕಾರಣಕ್ಕೂ ಹೋಗಬೇಡಿ. ಚೌಕಟ್ಟಿನ ಉದ್ದದ ತೊಲೆಗಳು, ಅಡ್ಡಪಟ್ಟಿಗಳು, ಹಿಂದಿನ ಆಕ್ಸಲ್ ಕೂರುವ ಜಾಗಗಳನ್ನು ಸ್ಕ್ರೂ ಡ್ರೈವರ್‌ನ ಹಿಡಿಯಿಂದ ತಟ್ಟಿ. ಸದ್ದು ಮಂದವಾದಲ್ಲಿ ಮಾರುವವರ ಒಪ್ಪಿಗೆ ಪಡೆದು ತುದಿಯಿಂದ ಒತ್ತಿ. ಮೇಲಿನ ಕೆಂಪು ತುಕ್ಕು ಉಜ್ಜಿದರೆ ಹೋಗುತ್ತದೆ. ತುಕ್ಕು ಹಪ್ಪಳದಂತೆ ಪದರ ಪದರವಾಗಿ ಏಳುತ್ತಿದ್ದರೆ, ತುದಿ ಒಳಗಿಳಿದರೆ, ಆ ಭಾಗವನ್ನೇ ಕತ್ತರಿಸಿ ಹೊಸದು ಹಾಕಬೇಕು. ಹಳೆಯ ಗಾಡಿಯ ಅಡಿಯಲ್ಲಿ ಹೊಸ ಕಪ್ಪು ಬಣ್ಣ ಕಂಡರೆ ಅಲ್ಲಿ ಇನ್ನೂ ಹೆಚ್ಚು ಹೊತ್ತು ಕಳೆಯಿರಿ.

ಚೌಕಟ್ಟಿನ ಬಲ ತಿಳಿಯಲು ಒಂದು ಒಳ್ಳೆಯ ಉಪಾಯವಿದೆ. ಬಾಗಿಲು ಮುಚ್ಚಿ ಸಂದಿಯನ್ನು ಗಮನಿಸಿ. ಆಮೇಲೆ ಒಂದು ಮೂಲೆಯನ್ನು ಜಾಕಿನಿಂದ ಎತ್ತಿಸಿ, ಅದೇ ಸಂದಿಯನ್ನು ಮತ್ತೆ ನೋಡಿ. ಸಂದಿ ಎದ್ದು ಕಾಣುವಷ್ಟು ಬದಲಾದರೆ, ಬಾಗಿಲು ಬಿಗಿಯಾದರೆ, ಗಾಡಿಯ ಬೆನ್ನುಮೂಳೆ ಸೋತಿದೆ. ಅಂಥದನ್ನು ಬಿಡಿಭಾಗಕ್ಕಾಗಿ ಮಾತ್ರ ಕೊಳ್ಳಬಹುದು.

ಇಲ್ಲದ ಸಾಮಾನು

ದೀಪದ ರಿಂಗು, ಬಾಗಿಲಿನ ಹಿಡಿ, ಗಾಜಿನ ರಬ್ಬರ್, ಮುಂದಿನ ಲಾಂಛನ, ಮೀಟರ್ ಬೋರ್ಡು: ಇಲ್ಲದ್ದನ್ನೆಲ್ಲ ಬರೆದುಕೊಳ್ಳಿ. ಚಪ್ಪಟೆ ಗಾಜನ್ನು ಅಳತೆಗೆ ಕತ್ತರಿಸಿ ಕೊಡುವವರಿದ್ದಾರೆ, ಬಾಗಿದ ಗಾಜು ಒಡೆದಿದ್ದರೆ ಹುಡುಕಾಟ ಉದ್ದವಾಗುತ್ತದೆ. ಬೆಂಗಳೂರಿನಲ್ಲಾದರೆ ಶಿವಾಜಿನಗರದ ಗುಜರಿ, ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಮೊದಲು ವಿಚಾರಿಸಿ, ಆಮೇಲೆ ಬೆಲೆ ಮಾತಾಡಿ.

ಎಂಜಿನ್

ನೀವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಎಂದು ಹೇಳಿರಿ. ಹೋದ ಕೂಡಲೇ ಎಂಜಿನ್ ಮುಟ್ಟಿ ನೋಡಿ, ತಣ್ಣಗಿರಬೇಕು. ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಬ್ಯಾಟರಿ ಕೊಟ್ಟು ಒಮ್ಮೆಲೇ ತಿರುಗಿಸಬಾರದು, ಮೊದಲು ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದ ತಿರುಗಿಸಿ. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಓಡುವಾಗ ಬಿಡದೆ ಬರುವ ನೀಲಿ ಹೊಗೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಗೈಡ್ ಸವೆದದ್ದನ್ನು ಹೇಳುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಹೊಗೆ ರಭಸದಿಂದ ನುಗ್ಗಿದರೆ ಸಿಲಿಂಡರಿನ ಬೋರ್ ಕೆಲಸ ಖಚಿತ.

ಮೆಟಡಾರ್‌ನಲ್ಲಿ ಮುಂದಿನ ಚಕ್ರಗಳೇ ಗಾಡಿಯನ್ನು ಎಳೆಯುತ್ತವೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹಾಕಿಸಿ. ಕಟಕಟ ಸದ್ದು ಬಂದರೆ ಡ್ರೈವ್ ಶಾಫ್ಟಿನ ಜಾಯಿಂಟ್ ಸವೆದಿದೆ. ಅದರ ಬಿಡಿಭಾಗ ಎಲ್ಲಿ ಸಿಗುತ್ತದೆಂದು ತಿಳಿಯುವವರೆಗೆ ಇದನ್ನು ಸಣ್ಣ ದೋಷವೆಂದು ಭಾವಿಸಬೇಡಿ. ಎಂಜಿನ್ ಬದಲಾಗಿದ್ದರೆ ಅದರ ಸಂಖ್ಯೆ ಆರ್‌ಸಿಯಲ್ಲಿ ನಮೂದಾಗಿದೆಯೇ ಎಂದೂ ನೋಡಿ.

ಬೆಲೆ, ಸಾಗಣೆ

ಗುರುತು ಹಾಕಿಕೊಂಡ ಪಟ್ಟಿ, ಫೋಟೊಗಳನ್ನು ಟಿಂಕರ್‌ಗೆ ತೋರಿಸಿ ಅಂದಾಜು ವೆಚ್ಚವನ್ನು ಬರೆಸಿಕೊಳ್ಳಿ. ಚೌಕಾಸಿ ಅದರ ಮೇಲೆ ನಡೆಯಲಿ. ಮುಂಗಡದ ರಸೀದಿಯಲ್ಲಿ ಚಾಸಿ ಸಂಖ್ಯೆ, ದಾಖಲೆ ಸರಿಪಡಿಸಿಕೊಡಬೇಕಾದ ಗಡುವು ಎರಡೂ ಇರಲಿ.

ಬಹಳ ಕಾಲ ನಿಂತ ಗಾಡಿಯ ಬ್ರೇಕನ್ನು ನಂಬಿ ಓಡಿಸಿಕೊಂಡು ಬರಬೇಡಿ, ಹಗ್ಗ ಕಟ್ಟಿ ಎಳೆಸಲೂ ಬೇಡಿ. ಫ್ಲಾಟ್‌ಬೆಡ್ ಲಾರಿ ಮಾಡಿ. ಹೊರಡುವ ಮೊದಲು ಶೆಡ್ಡು, ಅಟ್ಟ, ಗೋಣಿಚೀಲಗಳನ್ನೆಲ್ಲ ಹುಡುಕಿಸಿ, ಆ ಗಾಡಿಯಿಂದ ಎಂದೋ ಬಿಚ್ಚಿಟ್ಟ ಹಿಡಿ, ಮುಚ್ಚಳ, ಬೋಲ್ಟುಗಳನ್ನೂ ಅದರ ಜೊತೆಗೇ ಹೇರಿಸಿಕೊಳ್ಳಿ.