ಮಂಡಿಯ ಲೆಕ್ಕ ವೆಬ್‌ಗೆ ಏರಿಸುವ ಮುನ್ನ: ಯಾರ ಕೈಗೆ ಎಷ್ಟು ಅಧಿಕಾರ?

ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಒಂದು ದಲಾಲಿ ಮಂಡಿ ಇದೆ ಅಂದುಕೊಳ್ಳಿ. ಜಗಳೂರು, ಹರಿಹರ, ಹೊನ್ನಾಳಿ ಕಡೆಯ ರೈತರ ಮೊಬೈಲ್ ನಂಬರು, ಬ್ಯಾಂಕ್ ಖಾತೆ, ಮುಂಗಡ, ಬಾಕಿ ಎಲ್ಲವೂ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿದೆ. ರೈತರು ಊರಲ್ಲೇ ಕೂತು ಲೆಕ್ಕ ನೋಡಲಿ ಎಂದು ಅದನ್ನು ವೆಬ್‌ಗೆ ಏರಿಸಬೇಕು. ಇಲ್ಲಿ ಬಹಳ ಜನ ಒಂದು ಗಟ್ಟಿ ಪಾಸ್‌ವರ್ಡ್ ಇಟ್ಟು ಸುಮ್ಮನಾಗುತ್ತಾರೆ. ಅದು ಸಾಲದು. ಪಾಸ್‌ವರ್ಡ್ ಸೋರಿದ ದಿನ ಎಷ್ಟು ಹಾನಿ ಆಗುತ್ತದೆ ಅನ್ನುವುದು ಆ ಪಾಸ್‌ವರ್ಡಿನ ಡೇಟಾಬೇಸ್ ಖಾತೆಗೆ ನೀವು ಕೊಟ್ಟ ಅಧಿಕಾರದ ಮೇಲೆ ನಿಂತಿದೆ.

ಮೊದಲ ಕೆಲಸ, ಡೇಟಾಬೇಸ್ ನೇರವಾಗಿ ಇಂಟರ್ನೆಟ್‌ಗೆ ಕಾಣದಂತೆ ಮಾಡುವುದು. ವೆಬ್‌ಸೈಟೂ ಡೇಟಾಬೇಸೂ ಒಂದೇ ಸರ್ವರ್‌ನಲ್ಲಿದ್ದರೆ ಮೈಎಸ್‌ಕ್ಯೂಎಲ್ ಕಾನ್ಫಿಗ್ ಫೈಲಿನಲ್ಲಿ ಬೈಂಡ್ ಅಡ್ರೆಸ್ 127.0.0.1 (ಅಂದರೆ ಅದೇ ಸರ್ವರ್) ಎಂದು ಹಾಕಿ, ಸರ್ವಿಸ್ ರೀಸ್ಟಾರ್ಟ್ ಮಾಡಿ, ಫೈರ್‌ವಾಲ್‌ನಲ್ಲಿ ಮೈಎಸ್‌ಕ್ಯೂಎಲ್‌ನ 3306 ಪೋರ್ಟ್ (ಸಂಪರ್ಕದ ಬಾಗಿಲು) ಮುಚ್ಚಿ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಆದರೆ ಪೋರ್ಟ್ 5432. ಆಮೇಲೆ ಲ್ಯಾಪ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಹಾಕಿ ಆ ಪೋರ್ಟ್ ತೆರೆಯುತ್ತದೆಯೇ ನೋಡಿ. ಆಫೀಸಿನ ವೈಫೈನಿಂದ ನೋಡಿದರೆ ಉಪಯೋಗವಿಲ್ಲ, ಆಫೀಸಿನ ಐಪಿ ವಿಳಾಸಕ್ಕೆ ಫೈರ್‌ವಾಲ್ ಮೊದಲೇ ದಾರಿ ಬಿಟ್ಟಿರಬಹುದು.

ಈಗ ಡೇಟಾಬೇಸಿನ ಖಾತೆಗಳು. ವೆಬ್‌ಸೈಟ್ ಎಂದಿಗೂ ಎಲ್ಲ ಅಧಿಕಾರವೂ ಇರುವ ‘ರೂಟ್’ ಹೆಸರಿನಲ್ಲಿ ಡೇಟಾಬೇಸ್‌ಗೆ ಹೋಗಬಾರದು. ಮೂರು ಖಾತೆ ಮಾಡಿ. ರೈತರ ಪುಟಕ್ಕೆ ಬರೀ ಸೆಲೆಕ್ಟ್ (ಓದುವ ಅಧಿಕಾರ), ಅದೂ ಮೂಲ ಟೇಬಲ್ ಮೇಲಲ್ಲ. ಬ್ಯಾಂಕ್ ಖಾತೆಯ ಕೊನೆಯ ನಾಲ್ಕು ಅಂಕಿ ಮಾತ್ರ ತೋರಿಸುವ ಒಂದು ವ್ಯೂ (ಟೇಬಲ್‌ನಿಂದ ಆಯ್ದ ಭಾಗವನ್ನಷ್ಟೇ ಕಾಣಿಸುವ ನೋಟ) ಮೇಲೆ. ಗುಮಾಸ್ತರ ಪುಟಕ್ಕೆ ಸೆಲೆಕ್ಟ್, ಇನ್ಸರ್ಟ್ (ಸೇರಿಸುವುದು), ಅಪ್‌ಡೇಟ್ (ತಿದ್ದುವುದು). ಡಿಲೀಟ್ (ಅಳಿಸುವುದು) ಬೇಡ, ತಪ್ಪು ಎಂಟ್ರಿಗೆ ‘ರದ್ದು’ ಎಂಬ ಕಾಲಂ ಇಡಿ, ಕೈಬರಹದ ಖಾತೆ ಪುಸ್ತಕದಲ್ಲೂ ಹಾಳೆ ಹರಿಯುವುದಿಲ್ಲ, ಗೆರೆ ಎಳೆಯುತ್ತೇವೆ. ಟೇಬಲ್ ಬದಲಿಸುವ ಅಧಿಕಾರ ಮೂರನೆಯದಕ್ಕೆ, ಅದನ್ನು ವೆಬ್‌ಸೈಟ್ ಬಳಸುವುದೇ ಇಲ್ಲ.

ಇಲ್ಲೊಂದು ಮೋಸದ ಜಾಗ ಇದೆ. ಮೈಎಸ್‌ಕ್ಯೂಎಲ್‌ನಲ್ಲಿ ಒಂದೇ ಹೆಸರು ‘ಲೋಕಲ್‌ಹೋಸ್ಟ್’ (ಅದೇ ಸರ್ವರ್) ಜೊತೆಗೂ ‘%’ ಜೊತೆಗೂ ಇದ್ದರೆ ಅವು ಎರಡು ಬೇರೆ ಖಾತೆ. ಒಂದರ ಪಾಸ್‌ವರ್ಡ್ ಬದಲಿಸಿದರೆ ಇನ್ನೊಂದು ಹಳೆಯದರಲ್ಲೇ ಉಳಿಯುತ್ತದೆ. ‘%’ ಅಂದರೆ ಎಲ್ಲಿಂದ ಬೇಕಾದರೂ ಬಾ ಅಂತ, ಅದನ್ನು ತೆಗೆದುಹಾಕಿ.

ಡೇಟಾಬೇಸ್‌ಗೆ ಯಾವ ರೈತ ಅನ್ನುವುದು ಗೊತ್ತಿಲ್ಲ, ಎಲ್ಲರೂ ಒಂದೇ ಖಾತೆಯ ಮೂಲಕ ಬರುತ್ತಾರೆ. ಬ್ರೌಸರ್‌ನ ವಿಳಾಸದ ಸಾಲಿನ ಕೊನೆಯಲ್ಲಿ ರೈತರ ಲೆಕ್ಕದ ನಂಬರು 1042 ಎಂದಿದ್ದು, ಅದನ್ನು 1043 ಮಾಡಿದರೆ ಪಕ್ಕದ ಹೊಲದವರ ಬಾಕಿ ಕಾಣುತ್ತದೆ ಅಂದರೆ ಬಾಗಿಲು ತೆರೆದೇ ಇದೆ. ಆ ನಂಬರನ್ನು ವಿಳಾಸದಿಂದ ತೆಗೆದುಕೊಳ್ಳಬೇಡಿ, ಲಾಗಿನ್ ಆದ ಸೆಷನ್‌ನಿಂದಲೇ (ಯಾರು ಲಾಗಿನ್ ಆಗಿದ್ದಾರೆಂದು ಸರ್ವರ್ ನೆನಪಿಟ್ಟುಕೊಂಡ ದಾಖಲೆ) ತೆಗೆದು ಪ್ರತಿ ಕ್ವೆರಿಗೂ ಸೇರಿಸಿ. ಕ್ವೆರಿಗಳೆಲ್ಲ ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಬಳಕೆದಾರರು ಟೈಪ್ ಮಾಡಿದ್ದು ಆಜ್ಞೆಯಾಗಿ ನಡೆಯದಂತೆ ಬೇರೆಯಾಗಿ ಕಳಿಸುವ ರೀತಿ) ಆಗಿರಲಿ.

ಲಾಗಿನ್ ಪಾಸ್‌ವರ್ಡನ್ನು ಇದ್ದ ಹಾಗೆ ಬರೆದಿಡಬೇಡಿ, ಎಂಡಿ5 ಎಂಬ ಹಳೆಯ ವಿಧಾನವೂ ಬೇಡ. ವೆಬ್‌ಸೈಟ್ ಪಿಎಚ್‌ಪಿ ಭಾಷೆಯಲ್ಲಿದ್ದರೆ ಅದರ ಪಾಸ್‌ವರ್ಡ್ ಹ್ಯಾಶ್ ಫಂಕ್ಷನ್ ಸಾಕು, ಅದು ಪಾಸ್‌ವರ್ಡನ್ನು ಹಿಂದಕ್ಕೆ ತಿರುಗಿಸಲಾಗದ ಅಕ್ಷರಗಳ ಸಾಲಾಗಿ (ಹ್ಯಾಶ್) ಮಾಡುತ್ತದೆ. ಬಿಕ್ರಿಪ್ಟ್ ವಿಧಾನದ ಹ್ಯಾಶ್ 60 ಅಕ್ಷರ ಇರುತ್ತದೆ. ಕಾಲಂ 50ಕ್ಕೆ ಇಟ್ಟರೆ ಒಂದೋ ದೋಷ ಬಂದು ಹ್ಯಾಶ್ ಸೇರುವುದೇ ಇಲ್ಲ, ಇಲ್ಲವೇ ತುದಿ ಕತ್ತರಿಸಿಹೋಗಿ ಸರಿಯಾದ ಪಾಸ್‌ವರ್ಡಿಗೂ ಲಾಗಿನ್ ಆಗುವುದಿಲ್ಲ. 255 ಇಡಿ. ಮೊಬೈಲ್ ನಂಬರನ್ನೇ ಮೊದಲ ಪಾಸ್‌ವರ್ಡ್ ಮಾಡಬೇಡಿ, ಅದು ಊರಿಗೆಲ್ಲ ಗೊತ್ತು. ಐದು ಸಲ ತಪ್ಪಿದರೆ 15 ನಿಮಿಷ ತಡೆಯಿರಿ. ಪುಟ ಎಚ್‌ಟಿಟಿಪಿಎಸ್‌ನಲ್ಲೇ ತೆರೆಯಬೇಕು. ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ ಪುಕ್ಕಟೆ.

ಬ್ಯಾಕಪ್ ಫೈಲನ್ನು ಪಬ್ಲಿಕ್ ಎಚ್‌ಟಿಎಂಎಲ್ ಫೋಲ್ಡರಿನಲ್ಲಿ (ವೆಬ್‌ನಲ್ಲಿ ಎಲ್ಲರಿಗೂ ತೆರೆಯುವ ಫೋಲ್ಡರ್) ಬಿಟ್ಟರೆ ಮೇಲಿನದ್ದೆಲ್ಲ ವ್ಯರ್ಥ. ಹೆಸರು ಊಹಿಸಿದವರು ಪಾಸ್‌ವರ್ಡ್ ಇಲ್ಲದೆ ಇಡೀ ಲೆಕ್ಕ ಇಳಿಸಿಕೊಳ್ಳುತ್ತಾರೆ. ಡೇಟಾಬೇಸ್ ಪಾಸ್‌ವರ್ಡ್ ಇರುವ ಫೈಲೂ ಆ ಫೋಲ್ಡರಿನ ಹೊರಗೇ ಇರಲಿ.

ಗುಮಾಸ್ತರಿಗೆ ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಕೊಡಿ. ಸುಗ್ಗಿಗೆಂದು ಬಂದ ಹುಡುಗರು ಕೆಲಸ ಬಿಟ್ಟ ದಿನವೇ ಅವರದ್ದನ್ನು ಮುಚ್ಚಿ.

ಕೊನೆಗೆ ಡೇಟಾಬೇಸಿನ ಒಂದು ನಕಲು ಮಾಡಿ, ರೈತರ ಪುಟದ ಖಾತೆಗೆ ಅದರಲ್ಲೂ ಅಷ್ಟೇ ಅಧಿಕಾರ ಕೊಡಿ. ಆ ಖಾತೆಯಿಂದ ಒಂದು ಡಿಲೀಟ್ ಆಜ್ಞೆ ಕೊಟ್ಟು ನೋಡಿ. 1142 ಎಂಬ ದೋಷ ಸಂಖ್ಯೆ ಬಂದು ಆಜ್ಞೆ ನಿಂತರೆ ಸರಿ. ಸಾಲು ಅಳಿಸಿಹೋದರೆ ಖಾತೆಯ ಅಧಿಕಾರಗಳ ಪಟ್ಟಿ ತೋರಿಸುವ ‘ಶೋ ಗ್ರಾಂಟ್ಸ್’ ಆಜ್ಞೆ ಕೊಟ್ಟು, ಯಾವ ಅಧಿಕಾರ ಎಲ್ಲಿಂದ ಬಂತು ಎಂದು ಒಂದೊಂದೇ ಸಾಲು ಓದಿ.