ಲೈಬ್ರರಿಯಲ್ಲಿ ಜನ್ನನನ್ನು ಹುಡುಕುವುದು ಹೇಗೆ?

ಕಿರುಪ್ರಬಂಧದ ವಿಷಯ ಕೊಟ್ಟ ಮಾರನೇ ದಿನ ಕಾಲೇಜು ಲೈಬ್ರರಿಯ ಕೌಂಟರಿನಲ್ಲಿ ಕೇಳಿಬರುವ ಮಾತು: 'ಸರ್, ಜನ್ನನ ಮೇಲೆ ಏನಾದ್ರೂ ಇದ್ಯಾ?' 'ಯಶೋಧರ ಚರಿತೆ' ಬರೆದ ಹಳಗನ್ನಡ ಕವಿ ಜನ್ನನ ಮೇಲೆ ಬೇಕಾದಷ್ಟಿದೆ. ಕಷ್ಟ ಇರುವುದೇ ಅಲ್ಲಿ.

ಅದಕ್ಕೇ ಮೊದಲು ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳಿ. 'ಜನ್ನನ ಕಾವ್ಯ' ಎಂದರೆ ಒಂದು ಬೀರು ತುಂಬ ಪುಸ್ತಕ. 'ಯಶೋಧರ ಚರಿತೆಯಲ್ಲಿ ಮಾವುತನಿಗೆ ಮನಸೋತ ರಾಣಿ ಅಮೃತಮತಿಯನ್ನು ವಿಮರ್ಶಕರು ಹೇಗೆ ನೋಡಿದ್ದಾರೆ' ಎಂದರೆ ಒಂದು ಕೈಚೀಲದಷ್ಟು.

ಈಗ ಕಂಪ್ಯೂಟರ್ ಕ್ಯಾಟಲಾಗ್. ಕನ್ನಡದಲ್ಲಿ 'ಯಶೋಧರ' ಎಂದು ಟೈಪ್ ಮಾಡಿದಾಗ ಏನೂ ಬರದಿದ್ದರೆ ಎದ್ದು ಹೋಗಬೇಡಿ. ಎಷ್ಟೋ ಕಡೆ ಕನ್ನಡ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಸೇರಿಸಿರುತ್ತಾರೆ. 'ಶೋ'ಗೆ ಒಬ್ಬರು ಬರೀ ಎಸ್ ಹಾಕಿದರೆ ಇನ್ನೊಬ್ಬರು ಎಸ್ ಜೊತೆ ಎಚ್ ಹಾಕಿರುತ್ತಾರೆ. 'ಧ'ದ್ದೂ ಅದೇ ಕಥೆ. ಎಲ್ಲ ಬಗೆಯಲ್ಲೂ ಹುಡುಕಿ. ಕೃತಿಯ ಹೆಸರಲ್ಲಿ ಸಿಗದ್ದು ಸಂಪಾದಕರ ಹೆಸರಲ್ಲಿ ಸಿಗಬಹುದು.

ಸಿಕ್ಕ ಪುಸ್ತಕದ ನಂಬರ್ ಗುರುತು ಹಾಕಿಕೊಳ್ಳಿ. ವಿಷಯಕ್ಕೊಂದು ನಂಬರ್ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯ ಲೈಬ್ರರಿಯಲ್ಲಿ ಕನ್ನಡ ಸಾಹಿತ್ಯ 894.814. ಅದರ ಕೊನೆಗೆ 1 ಇದ್ದರೆ ಕಾವ್ಯ, 2 ಇದ್ದರೆ ನಾಟಕ. ಯಶೋಧರನ ಕಥೆಯನ್ನೇ ಹಿಡಿದು ಗಿರೀಶ ಕಾರ್ನಾಡರು ಬರೆದ 'ಹಿಟ್ಟಿನ ಹುಂಜ' ನಾಟಕದ ಸಾಲಿನಲ್ಲಿರುತ್ತದೆ. ಕಾವ್ಯದ ಸಾಲಿನಲ್ಲೇ ನಿಂತರೆ ಅದು ಕಣ್ಣಿಗೆ ಬೀಳುವುದಿಲ್ಲ, ಅಲ್ವಾ?

ವಿಮರ್ಶೆಯ ಪುಸ್ತಕ ಕೈಗೆ ಬಂದರೆ ಹಿಂದಿನ ಪುಟದಿಂದ ಶುರು ಮಾಡಿ. ಅಲ್ಲಿರುವ ಪರಾಮರ್ಶನ ಗ್ರಂಥಗಳ ಪಟ್ಟಿಯೇ ನಿಮಗೆ ದಾರಿ. ಮೂರು ಪುಸ್ತಕಗಳಲ್ಲೂ ಒಂದೇ ಲೇಖನದ ಹೆಸರು ಬಂದರೆ ಅದನ್ನು ಓದಲೇಬೇಕು. ಅದು ಹೆಚ್ಚಾಗಿ ಇರುವುದು ಹಳೆಯ ಪತ್ರಿಕೆಗಳಲ್ಲಿ. 1919ರಲ್ಲಿ ಶುರುವಾದ 'ಪ್ರಬುದ್ಧ ಕರ್ಣಾಟಕ'ದಂಥವುಗಳ ಬೈಂಡ್ ಮಾಡಿದ ಸಂಪುಟಗಳು ಮೂಲೆಯಲ್ಲಿ ದೂಳು ಹಿಡಿದು ಕೂತಿರುತ್ತವೆ. ಒಳಗಿನ ಲೇಖನಗಳ ಹೆಸರು ಕ್ಯಾಟಲಾಗಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅವನ್ನು ಸಂಚಿಕೆ ತೆಗೆದೇ ನೋಡಬೇಕು. ಅಟೆಂಡರನ್ನು ಕೇಳಿ. ಯಾವ ಸಂಪುಟ ಎಲ್ಲಿದೆ ಎಂದು ಕಂಪ್ಯೂಟರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಹಳಗನ್ನಡ ಪದ ತಡೆದರೆ ರೆಫರೆನ್ಸ್ ವಿಭಾಗಕ್ಕೆ ಹೋಗಿ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು, ಕಿಟೆಲ್ ಕೋಶ ಇವನ್ನೆಲ್ಲ ಮನೆಗೆ ಕೊಡುವುದಿಲ್ಲ, ಅಲ್ಲೇ ಕೂತು ನೋಡಬೇಕು.

ಪಿಎಚ್.ಡಿ. ಪ್ರಬಂಧಗಳಿಗೆ 'ಶೋಧಗಂಗಾ' ಜಾಲತಾಣವಿದೆ, ಪುಕ್ಕಟೆ. ಕನ್ನಡದ ಎಷ್ಟೋ ಪ್ರಬಂಧಗಳು ಬರೀ ಸ್ಕ್ಯಾನ್ ಮಾಡಿದವು. ಒಳಗೆ ಪದ ಹುಡುಕಲು ಆಗುವುದಿಲ್ಲ, ಪರಿವಿಡಿ ನೋಡಿಯೇ ಅಧ್ಯಾಯ ಇಳಿಸಿಕೊಳ್ಳಿ. ಅಲ್ಲಿಂದ ಪ್ಯಾರಾ ಎತ್ತಿ ಅಂಟಿಸುವ ಆಸೆ ಮಾತ್ರ ಬೇಡ.

ಕೊನೆಯದು ನಾನು ಪೆಟ್ಟು ತಿಂದು ಕಲಿತದ್ದು. ಓದುವಾಗ ಚೆಂದದ ಮಾತೊಂದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದೆ. ಪುಟ ಸಂಖ್ಯೆ ಬರೆದಿರಲಿಲ್ಲ. ಪ್ರಬಂಧ ಕೊಡುವ ಹಿಂದಿನ ಸಂಜೆ ಹೋದರೆ ಆ ಪುಸ್ತಕವನ್ನು ಬೇರೆ ಯಾರೋ ತೆಗೆದುಕೊಂಡು ಹೋಗಿದ್ದರು. ಆ ಮಾತನ್ನೇ ಕೈಬಿಡಬೇಕಾಯಿತು. ಲೇಖಕರು, ಪುಸ್ತಕ, ಪ್ರಕಾಶಕರು, ವರ್ಷ, ಪುಟ ಇಷ್ಟನ್ನೂ ಆಗಲೇ ಬರೆದಿಟ್ಟುಕೊಳ್ಳಿ. ಜನ್ನನ ಪದ್ಯಕ್ಕೆ ಪುಟದ ಜೊತೆ ಅವತಾರ (ಕಾವ್ಯದ ಅಧ್ಯಾಯ) ಮತ್ತು ಪದ್ಯದ ಸಂಖ್ಯೆಯೂ ಇರಲಿ. ಮುದ್ರಣ ಬದಲಾದರೆ ಪುಟವೂ ಬದಲಾಗುತ್ತದೆ.