ಜೆಂಗಾ: ಎಲ್ಲರೂ ಒಂದೇ ತಂಡವಾಗಿ ಆಡುವುದು ಹೇಗೆ

ಮರದ ತುಂಡುಗಳ ಗೋಪುರದಿಂದ ಒಬ್ಬೊಬ್ಬರಾಗಿ ಒಂದೊಂದು ತುಂಡು ಎಳೆದು ಮೇಲಿಡುವ ಆಟ ಜೆಂಗಾ. ಅದರ ಮಾಮೂಲಿ ನಿಯಮದಲ್ಲಿ ಗೋಪುರ ಬೀಳಿಸಿದವರು ಸೋತ ಹಾಗೆ. ಆದರೆ ಐದು ವರ್ಷದ ಮಗು, ಕೈ ನಡುಗುವ ಅಜ್ಜಿ ಇಬ್ಬರೂ ಆಟಕ್ಕೆ ಕೂತರೆ ಯಾರು ಬೀಳಿಸುತ್ತಾರೆ ಅಂತ ಮೊದಲೇ ಗೊತ್ತು, ಅಲ್ವಾ? ನಮ್ಮನೆಯಲ್ಲಿ ಮಗಳು ಎರಡು ಸಲ ಅತ್ತ ಮೇಲೆ ನಿಯಮವನ್ನೇ ಬದಲಾಯಿಸಿದೆವು. ಲೆಸ್ಲಿ ಸ್ಕಾಟ್ 1983ರಲ್ಲಿ ಮಾರಾಟಕ್ಕೆ ತಂದ ಈ ಆಟದ ಹೆಸರಿಗೆ ಸ್ವಾಹಿಲಿಯಲ್ಲಿ 'ಕಟ್ಟು' ಅಂತಲೇ ಅರ್ಥ. ಹಾಗಾದರೆ ಎಲ್ಲ ಸೇರಿ ಕಟ್ಟೋಣ.

ತುಂಡುಗಳು 54. ಮೂರು ಮೂರರಂತೆ ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಇಟ್ಟರೆ 18 ಮಹಡಿ. ಕೆಳಗಿನಿಂದ ಮೂರು ತುಂಡು ತೆಗೆದು ಮೇಲಿಟ್ಟರೆ ಒಂದು ಮಹಡಿ ಏರುತ್ತದೆ. ಮೊದಲ ದಿನ 22 ಮಹಡಿಯ ಗುರಿ ಸಾಕು, ಅಂದರೆ 12 ತುಂಡು ಮೇಲೇರಬೇಕು. ಎರಡು ಸಲ ಬಿದ್ದರೆ ಮಾಫಿ, ಮೂರನೇ ಸಲಕ್ಕೆ ಅವತ್ತಿನ ಆಟ ಬಂದ್.

ಅಲ್ಲಾಡುವ ಟೀಪಾಯ್ ಬೇಡ. ನೆಲದ ಮೇಲೆ ಒಂದು ಗಟ್ಟಿ ಮಣೆ ಇಟ್ಟು ಅದರ ಮೇಲೆ ಕಟ್ಟಿ. ಸೆರಗು, ದುಪಟ್ಟಾ ಸಿಕ್ಕಿಸಿಕೊಳ್ಳಿ, ನಮ್ಮ ಅತಿ ಎತ್ತರದ ಗೋಪುರವನ್ನು ಕೆಡವಿದ್ದು ನನ್ನದೇ ದುಪಟ್ಟಾ.

ಈಗ ಮೇಸ್ತ್ರಿ. ಯಾವ ತುಂಡು ತೆಗೆಯಬೇಕು ಅಂತ ಹೇಳುವವರು ಒಬ್ಬರೇ, ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ಇದನ್ನು ಮಾತ್ರ ಬಿಡಬೇಡಿ, ಯಾಕೆಂದರೆ ಎಲ್ಲ ಮನೆಯಲ್ಲೂ ಒಬ್ಬ ಬುದ್ಧಿವಂತ ಇರುತ್ತಾನೆ, ಅವನು 'ಅದಲ್ಲ, ಇದು, ಇದು' ಅಂತ ಶುರು ಮಾಡಿದರೆ ಮಿಕ್ಕವರೆಲ್ಲ ಸುಮ್ನೆ ಕೂಲಿ ಆಳು. ಒಂದೊಂದು ಮಹಡಿ ತುಂಬಿದಾಗ ಮೇಸ್ತ್ರಿ ಬದಲು. ಕೆಳಗೆ ಕೂರಲಾಗದ ಅಜ್ಜಿ ಕುರ್ಚಿಯಲ್ಲೇ ಕೂತು ಮೇಸ್ತ್ರಿಯಾಗಬಹುದು, ನಮ್ಮ ಅಜ್ಜಿಗಂತೂ ಆ ಪದವಿ ಬಿಟ್ಟುಕೊಡಲು ಮನಸ್ಸೇ ಇರುವುದಿಲ್ಲ.

ತುಂಡು ಆರಿಸುವುದೇ ಇಲ್ಲಿಯ ಕಸುಬು. ನೋಡಲು ಎಲ್ಲ ಒಂದೇ ಥರ ಇದ್ದರೂ ದಪ್ಪದಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇರುತ್ತದೆ. ಭಾರ ದಪ್ಪದವುಗಳ ಮೇಲೆ ಕೂರುತ್ತದೆ, ತೆಳ್ಳಗಿನವು ಸಡಿಲ. ತೋರುಬೆರಳಿನಿಂದ ಮೆಲ್ಲಗೆ ತಟ್ಟಿ, ಜಾರಿದರೆ ಸರಿ, ಬಿಗಿ ಅನ್ನಿಸಿದರೆ ಬಿಟ್ಟುಬಿಡಿ. ಎರಡು ಸುತ್ತು ಕಳೆದ ಮೇಲೆ ಭಾರ ಸರಿದು ಅದೇ ತುಂಡು ಸಡಿಲವಾಗಿರಬಹುದು. ನಡುವಿನದು ತೆಗೆದರೆ ಪಕ್ಕದವೆರಡು ಹೊರುತ್ತವೆ. ಪಕ್ಕದ್ದೊಂದು ಹೋದ ಮಹಡಿಯಲ್ಲಿ ಮಾತ್ರ ನಡುವಿನದನ್ನು ಮುಟ್ಟಲೇಬೇಡಿ.

ಒಂದೇ ಕೈ ಬಳಸಬೇಕು ಅನ್ನುವ ಮೂಲ ನಿಯಮ ದೊಡ್ಡವರಿಗಷ್ಟೇ ಇರಲಿ. ಮಕ್ಕಳಿಗೆ, ಅಜ್ಜ ಅಜ್ಜಿಗೆ ಎರಡೂ ಕೈ. ಹೈಸ್ಕೂಲ್ ಹುಡುಗರಿಗೆ ಎಡಗೈ, ಇಲ್ಲದಿದ್ದರೆ ಅವರಿಗೆ ಬೇಗ ಬೋರ್ ಆಗುತ್ತದೆ.

ಚೌಕಾಬಾರದ ಕವಡೆ ಮನೆಯಲ್ಲಿದ್ದರೆ ಪ್ರತಿ ಸರದಿಗೂ ಮೊದಲು ನಾಲ್ಕನ್ನು ಎಸೆಯಿರಿ. ನಾಲ್ಕೂ ಅಂಗಾತ ಬಿದ್ದರೆ ಇಬ್ಬರು ಒಂದೊಂದು ಬೆರಳು ಕೊಟ್ಟು ತುಂಡು ತೆಗೆಯಬೇಕು. ಮಗಳು ಆ ಕಡೆಯಿಂದ ತಳ್ಳಿ, ಅವಳ ತಾತ ಈ ಕಡೆ ಬೆರಳು ಒಡ್ಡಿ, ಇಬ್ಬರೂ ಉಸಿರು ಬಿಗಿಹಿಡಿದು ಕೂತಿರುತ್ತಾರೆ. ಅಂಥದ್ದೊಂದು ತುಂಡು ಹೊರಬರಲು ಮೂರು ನಿಮಿಷ ಹಿಡಿದದ್ದೂ ಉಂಟು.

ಎತ್ತಿಡುವಾಗ 54 ಎಣಿಸಿ. ನಮ್ಮದರಲ್ಲಿ ಈಗ 53, ಹಾಗಾಗಿ ಮೇಲಿನ ಮಹಡಿಯಲ್ಲಿ ಎರಡೇ ತುಂಡಿಟ್ಟು ಶುರು ಮಾಡುತ್ತೇವೆ.